ಮೊದಲು ತಾರೀಖು ಬರೆದುಕೊಳ್ಳಿ

ನಮಸ್ಕಾರ.

ನೀವು ಕಳಿಸಿದ ‘ಕಾಗೆ ಕೂತಿದ್ದಕ್ಕೆ ಕೊಂಬೆ ಮುರೀತಾ?’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ತುಂಬಾ ಒಳ್ಳೆಯದು, ಕೈಬಿಡಬೇಡಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು. 2007ರಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಯುದ್ಧ ನಡೆಯುತ್ತಿದ್ದ ಇರಾಕಿಗೆ ಹೆಚ್ಚುವರಿ ಸೈನಿಕರನ್ನು ಕಳಿಸಿದರು. ಅದಕ್ಕೆ ‘ಸರ್ಜ್’ ಎಂದು ಹೆಸರಾಯಿತು. ಆಮೇಲೆ ಅಲ್ಲಿ ಸಾವುನೋವು ಇಳಿಯಿತು. 2008ರ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿಗಳಲ್ಲಿ ಜಾನ್ ಮೆಕೇನ್ ಇದು ಸರ್ಜ್‌ನ ಫಲ ಎಂದರು, ಬರಾಕ್ ಒಬಾಮ ಬೇರೆ ಕಾರಣಗಳೂ ಇವೆ ಎಂದರು. ಮೆಕೇನ್ ಸುಳ್ಳುಗಾರ, ಸರ್ಜ್‌ಗೂ ಶಾಂತಿಗೂ ಸಂಬಂಧವೇ ಇಲ್ಲ ಎಂದು ನೀವು ಮೊದಲ ಪ್ಯಾರಾದಲ್ಲೇ ತೀರ್ಪು ಕೊಟ್ಟಿದ್ದೀರಿ. ಸಾಕ್ಷಿ ಮಾತ್ರ ಎಲ್ಲೂ ಕಾಣಲಿಲ್ಲ. ಈ ಜಗಳವೇ ತಾರೀಖಿನದು, ಅಲ್ವಾ? ನಿಮ್ಮ ಲೇಖನದಲ್ಲಿ ಒಂದು ತಾರೀಖೂ ಇಲ್ಲ.

2008ರ ಜುಲೈ 22ರಂದು ಅಮೆರಿಕದ ಸಿಬಿಎಸ್ ಟಿವಿಯ ಕೇಟಿ ಕೌರಿಕ್ ಮೆಕೇನ್ ಅವರನ್ನು ಸಂದರ್ಶಿಸಿದರು. ಪಶ್ಚಿಮ ಇರಾಕಿನ ಅನ್ಬಾರ್ ಪ್ರಾಂತ್ಯದ ಸುನ್ನಿ ಶೇಖ್‌ಗಳು, ಅಂದರೆ ಬುಡಕಟ್ಟಿನ ಮುಖಂಡರು, ಅಲ್ ಖೈದಾ ವಿರುದ್ಧ ತಿರುಗಿಬಿದ್ದಿದ್ದೂ ಸರ್ಜ್‌ನಿಂದಲೇ ಶುರುವಾಯಿತು ಎಂದು ಮೆಕೇನ್ ಹೇಳಿದರು. ಆದರೆ ಅನ್ಬಾರ್‌ನ ರಮಾದಿ ನಗರದಲ್ಲಿ ಶೇಖ್ ಅಬ್ದುಲ್ ಸತ್ತಾರ್ ಅಬು ರಿಶಾ ಉಳಿದವರನ್ನು ಕೂಡಿಸಿ ಒಕ್ಕೂಟ ಕಟ್ಟಿದ್ದು 2006ರ ಸೆಪ್ಟೆಂಬರ್‌ನಲ್ಲಿ. ಬುಷ್ ಸರ್ಜ್ ಘೋಷಿಸಿದ್ದು 2007ರ ಜನವರಿ 10ಕ್ಕೆ. ಈ ಎರಡನ್ನು ಅಕ್ಕಪಕ್ಕ ಇಡಿ, ‘ಸುಳ್ಳುಗಾರ’ ಎಂಬ ಮಾತೇ ಬೇಕಾಗುವುದಿಲ್ಲ. ಮೆಕೇನ್ ಆಮೇಲೆ ಕೊಟ್ಟ ಸಮಜಾಯಿಷಿಯನ್ನೂ ಹಾಕಿ. ಸರ್ಜ್ ಅಂದರೆ ಬರೀ ಸೈನಿಕರ ಸಂಖ್ಯೆಯಲ್ಲ, ಒಂದು ಹೊಸ ಯುದ್ಧತಂತ್ರ, ಅದು ಅನ್ಬಾರ್‌ನಲ್ಲಿ ಮೊದಲೇ ಶುರುವಾಗಿತ್ತು ಎಂದರು. ಒಪ್ಪಬೇಕೋ ಬೇಡವೋ ಓದುಗರು ನೋಡಿಕೊಳ್ಳುತ್ತಾರೆ.

ಇನ್ನು ಒಬಾಮ. ಅವರನ್ನು ನೀವು ಏನೂ ಕೇಳದೆ ಸುಮ್ನೆ ಬಿಟ್ಟಿದ್ದೀರಿ. 20,000 ಸೈನಿಕರು ಹೋದರೆ ಹಿಂಸೆ ನಿಲ್ಲುವುದಿಲ್ಲ, ಜಾಸ್ತಿಯೇ ಆಗುತ್ತದೆ ಎಂದು 2007ರ ಜನವರಿಯಲ್ಲಿ ಹೇಳಿದ್ದು ಅವರೇ. 2008ರ ಸೆಪ್ಟೆಂಬರ್‌ನಲ್ಲಿ ಟಿವಿ ನಿರೂಪಕ ಬಿಲ್ ಓ’ರೈಲಿ ಮುಂದೆ ಕೂತು, ಸರ್ಜ್ ಯಾರೂ ಊಹಿಸದಷ್ಟು ಯಶಸ್ವಿಯಾಗಿದೆ ಎಂದು ಒಪ್ಪಿದ್ದೂ ಅವರೇ. ಇದನ್ನು ಬಿಟ್ಟರೆ ನಿಮ್ಮ ಲೇಖನ ಚುನಾವಣೆಯ ಕರಪತ್ರದ ಹಾಗೆ ಕಾಣುತ್ತದೆ.

ಆ ಕಾಗೆಯ ಗಾದೆಯೂ ಇಲ್ಲಿ ಹೊಂದುವುದಿಲ್ಲ. ಎರಡಕ್ಕೂ ಸಂಬಂಧ ಇಲ್ಲದಾಗ ಹೇಳುವ ಮಾತು ಅದು. ಇಲ್ಲಿ ಸಂಬಂಧ ಇದೆ. ಅನ್ಬಾರ್‌ನ ಬದಲಾವಣೆ ಬೇರೆ ಕಡೆ ಹಬ್ಬಲು ಸೈನಿಕರ ಬೆಂಬಲ ಬೇಕಾಯಿತು. ಸ್ಥಳೀಯರ ಸಹಾಯ ಇಲ್ಲದೆ ಆ ಸೈನಿಕರಿಂದಲೂ ಅಷ್ಟು ಆಗುತ್ತಿರಲಿಲ್ಲ. ಯುದ್ಧನೀತಿಯ ವಿದ್ವಾಂಸ ಸ್ಟೀಫನ್ ಬಿಡಲ್ ಮತ್ತು ಜೊತೆಯವರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ. ಸುಮಾರು 1 ಲಕ್ಷ ಸ್ಥಳೀಯರು ತಿಂಗಳಿಗೆ 300 ಡಾಲರ್ ಆಸುಪಾಸಿನ ಸಂಬಳಕ್ಕೆ ಅಮೆರಿಕದವರ ಜೊತೆ ಕಾವಲು ನಿಂತರು. ಅವರಲ್ಲಿ ಎಷ್ಟೋ ಮಂದಿ ಮೊದಲು ಅದೇ ಅಮೆರಿಕದವರ ಮೇಲೆ ಗುಂಡು ಹಾರಿಸಿದವರು. 2007ರ ಆಗಸ್ಟ್‌ನಲ್ಲಿ ಶಿಯಾ ನಾಯಕ ಮುಕ್ತದಾ ಅಲ್ ಸದರ್ ತನ್ನ ಮೆಹದಿ ಸೇನೆಗೆ ಕದನ ನಿಲ್ಲಿಸಲು ಹೇಳಿದ್ದೂ ಲೆಕ್ಕಕ್ಕೆ ಬರಬೇಕು.

ನಿಮ್ಮ ಲೇಖನದ ಜೀವ ಇರುವುದು ನಾಲ್ಕನೇ ಪ್ಯಾರಾದಲ್ಲಿ. ‘ಬಾಗ್ದಾದಿನ ಕೆಲವು ಬಡಾವಣೆಗಳಲ್ಲಿ ರಾತ್ರಿ ದೀಪ ಕಡಿಮೆಯಾಗಿದ್ದವು’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು! ಭೂಗೋಳದ ಪ್ರಾಧ್ಯಾಪಕ ಜಾನ್ ಆಗ್ನ್ಯೂ ಅವರ ತಂಡ ಉಪಗ್ರಹದಿಂದ ತೆಗೆದ ರಾತ್ರಿಯ ಚಿತ್ರಗಳನ್ನು ಹೋಲಿಸಿ ನೋಡಿತು. ಸುನ್ನಿ ಬಡಾವಣೆಗಳ ಬೆಳಕು ಸರ್ಜ್ ಬಲಗೊಳ್ಳುವ ಮೊದಲೇ ಕುಗ್ಗಿತ್ತು. 2006ರ ಫೆಬ್ರವರಿಯಲ್ಲಿ ಸಮಾರಾ ನಗರದ ಶಿಯಾ ಮಸೀದಿಯನ್ನು ಬಾಂಬ್ ಇಟ್ಟು ಸ್ಫೋಟಿಸಿದರು. ಆಮೇಲೆ ನಡೆದ ಕೊಲೆಗಳಿಗೆ ಹೆದರಿ ಜನ ಮನೆ ಬಿಟ್ಟು ಓಡಿದರು. ಸ್ವಿಚ್ ಹಾಕಲು ಒಳಗೆ ಯಾರೂ ಇರಲಿಲ್ಲ. ಹೊಡೆಯಲು ನೆರೆಯವರೇ ಉಳಿಯದಿದ್ದರೆ ಸಾವಿನ ಸಂಖ್ಯೆ ಇಳಿಯದೆ ಇನ್ನೇನಾಗುತ್ತದೆ? ಇದೊಂದೇ ಸಾಕಷ್ಟು ಕಾರಣ ಎಂಬುದನ್ನು ಬಿಡಲ್ ತಂಡ ಒಪ್ಪುವುದಿಲ್ಲ. ಅದನ್ನೂ ಹೇಳಿ. ಆದರೆ ಲೇಖನವನ್ನು ಆ ಕತ್ತಲೆ ಬೀದಿಯಿಂದಲೇ ಶುರುಮಾಡಿ. ಅಭ್ಯರ್ಥಿಗಳು ಆಮೇಲೆ ಬರಲಿ.

ಭಾಷೆ ಬಗ್ಗೆ ಒಂದೇ ಮಾತು. ‘ಹಿಂಸಾಚಾರವು ಗಣನೀಯವಾಗಿ ಇಳಿಮುಖಗೊಂಡಿತು’ ಎಂದು ಮೂರು ಕಡೆ ಬರೆದಿದ್ದೀರಿ. ಆ ಸಾಲಿನಲ್ಲಿ ಮನುಷ್ಯರೇ ಇಲ್ಲ. ಸತ್ತ ನಾಗರಿಕರ ಲೆಕ್ಕ ಇಡುವ ‘ಇರಾಕ್ ಬಾಡಿ ಕೌಂಟ್’ ಸಂಸ್ಥೆಯ ಪ್ರಕಾರ 2006ರಲ್ಲಿ 29,000ಕ್ಕೂ ಹೆಚ್ಚು ನಾಗರಿಕರು ಸತ್ತರು, 2008ರಲ್ಲಿ ಸುಮಾರು 10,000. ಅಂದರೆ ‘ಶಾಂತಿ’ ಬಂತು ಎಂದು ನೀವು ಬರೆದ ವರ್ಷವೂ ದಿನಕ್ಕೆ 27 ಹೆಣ. ಹಾಗೇ ಬರೆಯಿರಿ.

ಶೇಖ್ ಸತ್ತಾರ್ ಏನಾದರು ಅಂತ ನೀವು ಹೇಳಲೇ ಇಲ್ಲ. 2007ರ ಸೆಪ್ಟೆಂಬರ್ 3ರಂದು ಅನ್ಬಾರ್‌ಗೆ ಬಂದಿದ್ದ ಬುಷ್ ಅವರನ್ನು ಭೇಟಿಯಾದರು. 13ರಂದು ರಮಾದಿಯಲ್ಲಿ ತಮ್ಮ ಮನೆ ಹತ್ತಿರವೇ ಬಾಂಬಿಗೆ ಬಲಿಯಾದರು. ಸರ್ಜ್‌ನಿಂದಾಗಿ ಶೇಖ್‌ಗಳನ್ನು ಕಾಪಾಡಲು ಆಯಿತು ಎಂದು ಮೆಕೇನ್ ಟಿವಿಯಲ್ಲಿ ಹೇಳುವ ಹೊತ್ತಿಗೆ ಶೇಖ್ ಸತ್ತಾರ್ ಸತ್ತು ಹತ್ತು ತಿಂಗಳಾಗಿತ್ತು. ಇದನ್ನು ಸೇರಿಸಿ ಮತ್ತೆ ಬರೆಯಿರಿ. ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿದರೆ ನಾನೇ ಕೂತು ಓದುತ್ತೇನೆ.