ಟೇಬಲ್ ಕಳೆದಿಲ್ಲ, ಬೇರೆ ಫೈಲ್‌ನಲ್ಲಿದೆ

ಪ್ರಶ್ನೆ: ನಮಸ್ಕಾರ ಸರ್. ನಾನು ಧಾರವಾಡದವಳು, ಕೆಲಸ ಪುಣೆಯ ಹಿಂಜವಡಿಯಲ್ಲಿ. ಬಿಡುವಿದ್ದಾಗ ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ಸದಸ್ಯರ ಪಟ್ಟಿ, ಹಬ್ಬದ ವಂತಿಗೆ ಲೆಕ್ಕ ಇಡುವ ಆ್ಯಪ್ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಡೈನಮೊಡಿಬಿ ಲೋಕಲ್‌ನ (ಅಮೆಜಾನ್‌ನ ಡೈನಮೊಡಿಬಿ ಡೇಟಾಬೇಸನ್ನು ನಮ್ಮ ಕಂಪ್ಯೂಟರ್‌ನಲ್ಲೇ ಓಡಿಸುವ ಆವೃತ್ತಿ) ಜಾರ್ ಫೈಲ್ ಓಡಿಸುತ್ತೇನೆ. ಪೈಥಾನ್ ಕೋಡ್‌ಗೆ ಎರಡೂ ಟೇಬಲ್ ಸಿಗುತ್ತವೆ. ಆದರೆ ಟೇಬಲ್‌ಗಳನ್ನು ತೆರೆದು ನೋಡುವ ನೋಎಸ್‌ಕ್ಯೂಎಲ್ ವರ್ಕ್‌ಬೆಂಚ್‌ನಲ್ಲಿ ಅದೇ 8000 ಪೋರ್ಟ್‌ಗೆ ಕನೆಕ್ಟ್ ಆದರೆ ಪಟ್ಟಿ ಖಾಲಿ. ಮರುದಿನ ಆಫೀಸಿನ ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಲಾಗಿನ್ ಆದಮೇಲೆ ಕೋಡ್‌ಗೂ ಸಿಗುವುದಿಲ್ಲ! ದಿನಾ ಟೇಬಲ್ ಹೊಸದಾಗಿ ಮಾಡಿ ಸಾಕಾಗಿದೆ. ಡೇಟಾ ಎಲ್ಲಿ ಹೋಗುತ್ತಿದೆ?

ಉತ್ತರ: ಎಲ್ಲೂ ಹೋಗಿಲ್ಲ, ಗಾಬರಿ ಬೇಡ. ಮೊದಲು ಒಂದು ಕೆಲಸ ಮಾಡಿ. ಜಾರ್ ಓಡಿಸುವ ಫೋಲ್ಡರ್ ತೆರೆದು, ಡಾಟ್ ಡಿಬಿ ಎಂದು ಕೊನೆಯಾಗುವ ಫೈಲ್‌ಗಳನ್ನು ನೋಡಿ. ಒಂದಲ್ಲ, ಹಲವು ಇರುತ್ತವೆ. ಅವುಗಳಲ್ಲಿ ಯಾವುದನ್ನೂ ಸದ್ಯಕ್ಕೆ ಅಳಿಸಬೇಡಿ.

ಡೈನಮೊಡಿಬಿ ಲೋಕಲ್ ಒಳಗೆ ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್ ಬಳಸುತ್ತದೆ. ಟೇಬಲ್‌ಗಳೆಲ್ಲ ಆ ಡಿಬಿ ಫೈಲ್‌ಗಳಲ್ಲೇ ಕೂತಿರುತ್ತವೆ. ಬೇರೇನೂ ಹೇಳದಿದ್ದರೆ ಅದು ಫೈಲ್‌ಗೆ ಹೆಸರಿಡುವುದು ನೀವು ಕೊಟ್ಟ ಆ್ಯಕ್ಸೆಸ್ ಕೀ (ಯಾರು ಕೇಳುತ್ತಿದ್ದಾರೆ ಎಂದು ಗುರುತಿಸುವ ಐಡಿ) ಮತ್ತು ರೀಜನ್ (ಕ್ಲೌಡ್ ಸರ್ವರ್‌ಗಳಿರುವ ಪ್ರದೇಶದ ಹೆಸರು) ಸೇರಿಸಿ, ನಡುವೆ ಒಂದು ಅಂಡರ್‌ಸ್ಕೋರ್ ಹಾಕಿ. ಕೀ ಬದಲಾದರೆ ಬೇರೆ ಫೈಲ್. ರೀಜನ್ ಬದಲಾದರೂ ಬೇರೆ ಫೈಲ್. ಪೋರ್ಟ್ ಒಂದೇ ಆಗಿದ್ದರೆ ಸಾಲದು.

ನಿಮ್ಮ ಕೋಡ್ ಆಫೀಸಿನ ಪ್ರೊಫೈಲ್‌ನಿಂದ, ಅಂದರೆ ಲ್ಯಾಪ್‌ಟಾಪ್‌ನಲ್ಲಿ ಕೀ, ರೀಜನ್ ಉಳಿಸಿಟ್ಟ ಸೆಟ್ಟಿಂಗ್‌ನಿಂದ, ಕೀ ತೆಗೆದುಕೊಳ್ಳುತ್ತಿದೆ. ಪುಣೆಯಲ್ಲಿ ಇದ್ದವರು ಹೆಚ್ಚಾಗಿ ಹಾಕುವಂತೆ ಅದರಲ್ಲಿ ರೀಜನ್ ಮುಂಬೈ, ಅಂದರೆ ಎಪಿ-ಸೌತ್-1 ಇರಬಹುದು. ವರ್ಕ್‌ಬೆಂಚ್ ಲೋಕಲ್ ಕನೆಕ್ಷನ್‌ಗೆ ತನ್ನದೇ ಒಂದು ಕೀ ತಯಾರಿಸಿಕೊಳ್ಳುತ್ತದೆ, ರೀಜನ್ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದು ಹಾಕುತ್ತದೆ. ಆ ಕನೆಕ್ಷನ್‌ನ ಕ್ರೆಡೆನ್ಷಿಯಲ್ಸ್ ತೆರೆದರೆ ನಿಮಗೇ ಕಾಣುತ್ತದೆ. ಹಾಗಾಗಿ ಅದು ತನ್ನ ಹೊಸ ಫೈಲ್ ನೋಡಿ, ಇಲ್ಲಿ ಏನೂ ಇಲ್ಲ ಅನ್ನುತ್ತಿದೆ. ಅದು ಹೇಳಿದ್ದು ನಿಜವೇ. ಖಾಲಿ ಪಟ್ಟಿ ಎರರ್ ಅಲ್ಲ ನೋಡಿ, ಅದಕ್ಕೇ ಇದನ್ನು ಹಿಡಿಯುವುದು ಕಷ್ಟ.

ದಿನಾ ಮಾಯವಾಗುವುದಕ್ಕೂ ಇದೇ ಕಾರಣ. ಆಫೀಸಿನ ಲಾಗಿನ್‌ನಲ್ಲಿ ಸಿಗುವ ಕೀ ತಾತ್ಕಾಲಿಕದ್ದು, ಅವಧಿ ಮುಗಿದು ಮತ್ತೆ ಲಾಗಿನ್ ಆದಾಗ ಹೊಸದು ಬರುತ್ತದೆ. ಅಂಥ ಕೀಗಳು ಎ-ಎಸ್-ಐ-ಎ ಎಂಬ ನಾಲ್ಕು ಅಕ್ಷರಗಳಿಂದ ಶುರುವಾಗುತ್ತವೆ. ನಿಮ್ಮ ಫೋಲ್ಡರ್‌ನಲ್ಲಿ ಹಾಗೆ ಶುರುವಾಗುವ ಫೈಲ್‌ಗಳು ಸಾಲಾಗಿ ಬಿದ್ದಿದ್ದರೆ, ಒಂದೊಂದು ಲಾಗಿನ್‌ಗೆ ಒಂದೊಂದು ಎಂದು ತಿಳಿಯಿರಿ.

ಪರಿಹಾರ ಚಿಕ್ಕದು. ಜಾರ್ ಓಡಿಸುವ ಕಮಾಂಡ್‌ನ ಕೊನೆಗೆ ಒಂದು ಹೈಫನ್ ಹಾಕಿ, ಅದಕ್ಕೆ ಅಂಟಿಸಿ ಶೇರ್ಡ್‌ಡಿಬಿ ಎಂದು ಒಂದೇ ಪದವಾಗಿ ಬರೆಯಿರಿ. ಡಿಬಿಯ ಡಿ ಮಾತ್ರ ಕ್ಯಾಪಿಟಲ್, ಉಳಿದದ್ದೆಲ್ಲ ಸ್ಮಾಲ್. ಆಗ ಯಾವ ಕೀ, ಯಾವ ರೀಜನ್‌ನಿಂದ ಬಂದರೂ ಎಲ್ಲರಿಗೂ ಒಂದೇ ಫೈಲ್. ಜೊತೆಗೆ ಡಿಬಿಪಾತ್ ಆಯ್ಕೆಯಲ್ಲಿ ಫೋಲ್ಡರ್‌ನ ಪೂರ್ತಿ ದಾರಿ ಕೊಡಿ. ಕೊಡದಿದ್ದರೆ ಟರ್ಮಿನಲ್ ಯಾವ ಫೋಲ್ಡರ್‌ನಲ್ಲಿದೆಯೋ ಅಲ್ಲೇ ಫೈಲ್ ಹುಟ್ಟುತ್ತದೆ. ಇವತ್ತು ಡೌನ್‌ಲೋಡ್ಸ್‌ನಿಂದ, ನಾಳೆ ಪ್ರಾಜೆಕ್ಟ್‌ನಿಂದ ಓಡಿಸಿದರೆ ಮತ್ತೆ ಅದೇ ಗೋಳು.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಸಂಘದ ಕೆಲಸಕ್ಕೆ ಆಫೀಸಿನ ಕೀ ಬಳಸಲೇಬೇಡಿ. ಕೋಡ್‌ನಲ್ಲಿ ಎಂಡ್‌ಪಾಯಿಂಟ್ (ಎಲ್ಲಿಗೆ ಕನೆಕ್ಟ್ ಆಗಬೇಕು ಎಂಬ ವಿಳಾಸ) ಬರೆಯುವುದು ಒಂದು ಕಡೆ ಮರೆತರೂ ಸಾಕು, ಟೇಬಲ್ ನೇರ ಆಫೀಸಿನ ಕ್ಲೌಡ್ ಖಾತೆಯಲ್ಲಿ ತಯಾರಾಗುತ್ತದೆ. ಸಂಘದವರ ಫೋನ್ ನಂಬರ್ ಅಲ್ಲಿಗೆ ಹೋಗುವುದು ಯಾರಿಗೂ ಒಳ್ಳೆಯದಲ್ಲ, ಅಲ್ವಾ? ಡೈನಮೊಡಿಬಿ ಲೋಕಲ್ ಕೀ ನಿಜವೋ ಸುಳ್ಳೋ ಪರೀಕ್ಷಿಸುವುದಿಲ್ಲ. ಸುಮ್ನೆ ಒಂದು ಬೇರೆ ಪ್ರೊಫೈಲ್ ಮಾಡಿ, ಮನಸ್ಸಿಗೆ ಬಂದ ಪದ ಹಾಕಿ. 2.0 ಆವೃತ್ತಿಯಿಂದ ಈಚೆಗೆ ಆ್ಯಕ್ಸೆಸ್ ಕೀಯಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಮಾತ್ರ ನಡೆಯುತ್ತದೆ. ಹೈಫನ್, ಅಂಡರ್‌ಸ್ಕೋರ್ ಇದ್ದರೆ ಕೀ ಸರಿಯಿಲ್ಲ ಎಂಬ ಎರರ್ ಬರುತ್ತದೆ.

ಮುಂದೆ ಜಾರ್ ಬಿಟ್ಟು, ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಸಿದ್ಧ ಪೊಟ್ಟಣದಂತೆ ಓಡಿಸುವ ಟೂಲ್) ಡೈನಮೊಡಿಬಿ ಲೋಕಲ್ ಇಮೇಜ್ ಓಡಿಸುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಆ ಇಮೇಜ್ ತಾನಾಗಿ ಇನ್‌ಮೆಮೊರಿ ಆಯ್ಕೆಯಲ್ಲಿ, ಅಂದರೆ ಡೇಟಾವನ್ನು ಫೈಲ್‌ಗೆ ಬರೆಯದೆ ಮೆಮೊರಿಯಲ್ಲೇ ಇಟ್ಟುಕೊಂಡು, ಓಡುತ್ತದೆ. ನಿಲ್ಲಿಸಿದ ಕ್ಷಣ ಟೇಬಲ್ ನಿಜಕ್ಕೂ ಹೋಗುತ್ತದೆ, ಹುಡುಕಲು ಫೈಲೇ ಇರುವುದಿಲ್ಲ. ಕಮಾಂಡ್ ಬದಲಿಸಿ ಡಿಬಿಪಾತ್ ಕೊಡಿ, ಆ ಫೋಲ್ಡರ್‌ಗೆ ವಾಲ್ಯೂಮ್ (ಡಾಕರ್ ನಿಲ್ಲಿಸಿದರೂ ಉಳಿಯುವ ಜಾಗ) ಜೋಡಿಸಿ.

ಈಗ ಹಳೆಯ ಡೇಟಾ. ಶೇರ್ಡ್‌ಡಿಬಿ ಹಾಕಿದ ಮೇಲೆ ಮೊದಲ ಸಲ ಎಲ್ಲವೂ ಖಾಲಿಯಾಗಿಯೇ ಕಾಣುತ್ತದೆ, ಅದು ಹೊಸ ಫೈಲ್. ಹಳೆಯ ಫೈಲ್‌ಗಳ ಒಂದು ಪ್ರತಿಯನ್ನು ಬೇರೆ ಫೋಲ್ಡರ್‌ಗೆ ಹಾಕಿ. ಅಲ್ಲಿಂದ ಇನ್ನೊಂದು ಡೈನಮೊಡಿಬಿ ಲೋಕಲ್ ಅನ್ನು 8001 ಪೋರ್ಟ್‌ನಲ್ಲಿ, ಶೇರ್ಡ್‌ಡಿಬಿ ಇಲ್ಲದೆ ಓಡಿಸಿ. ಬೇಕಾದ ಕೀ ಮತ್ತು ರೀಜನ್ ಎರಡೂ ಆ ಫೈಲ್‌ನ ಹೆಸರಲ್ಲೇ ಬರೆದಿವೆ. ಅವನ್ನೇ ಕೋಡ್‌ಗೆ ಕೊಡಿ, ಕೀ ಜೊತೆ ಕೊಡುವ ಸೀಕ್ರೆಟ್ (ಪಾಸ್‌ವರ್ಡ್‌ನಂಥದ್ದು) ಏನಿದ್ದರೂ ನಡೆಯುತ್ತದೆ. ಟೇಬಲ್ ಸ್ಕ್ಯಾನ್ ಮಾಡಿ, ಬಂದದ್ದನ್ನು 8000ರ ಕಡೆಗೆ ಬರೆದುಕೊಳ್ಳಿ. ವಂತಿಗೆ ಲೆಕ್ಕ ಪೂರ್ತಿ ಬಂದಿದೆಯೇ ಎಂದು ತಾಳೆ ನೋಡಿದ ಮೇಲೆಯೇ ಹಳೆಯದನ್ನು ಅಳಿಸಿ.