ಗೊರಕೆ ನಿಂತರೆ ಸಾಕೇ?

ಪ್ರಶ್ನೆ: ನಿದ್ರೆಯಲ್ಲಿ ಉಸಿರುಕಟ್ಟುತ್ತಿದ್ದ ರೋಗಿಯೊಬ್ಬರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನವನ್ನು ಕೊಟ್ಟಿದ್ದೇನೆ. ಗೊರಕೆ ನಿಂತಿದೆಯೆಂದು ಅವರ ಪತ್ನಿ ಹೇಳುತ್ತಾರೆ. ಈ ಪ್ರಕರಣವನ್ನು ವೈದ್ಯಕೀಯ ನಿಯತಕಾಲಿಕಕ್ಕೆ ಹೇಗೆ ಬರೆಯಲಿ?
– ದಂತವೈದ್ಯೆ, ಡೊಂಬಿವಲಿ, ಮುಂಬಯಿ

ಉತ್ತರ: ಪತ್ನಿಯ ಮಾತು ದಾಖಲಾಗಬೇಕಾದದ್ದೇ, ಆದರೆ ಅದೊಂದೇ ಪುರಾವೆಯಾಗದು, ಗೊರಕೆ ಅಡಗಿದರೂ ಉಸಿರುಕಟ್ಟುವಿಕೆ ಉಳಿದಿರಬಹುದು. ಸಾಧನವನ್ನು ಧರಿಸಿಯೇ ಮಾಡಿಸಿದ ಎರಡನೆಯ ನಿದ್ರಾಪರೀಕ್ಷೆಯ ವರದಿ ಕೈಸೇರುವವರೆಗೆ ಬರೆಯಲು ಕೂರಬೇಡಿ. ಗಂಟೆಗೆ ಎಷ್ಟು ಬಾರಿ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಎಎಚ್‌ಐ ಸೂಚ್ಯಂಕವನ್ನು (ವಯಸ್ಕರಲ್ಲಿ 5ರಿಂದ ಸೌಮ್ಯ, 15ರಿಂದ ಮಧ್ಯಮ, 30ರಿಂದ ತೀವ್ರ) ಎರಡೂ ವರದಿಗಳಿಂದ ಕೊಡುವುದರ ಜೊತೆಗೆ, ಉಸಿರಿನ ಕುಗ್ಗುವಿಕೆಯನ್ನು ಎಣಿಸುವಾಗ ರಕ್ತದ ಆಮ್ಲಜನಕದ ಮಟ್ಟದಲ್ಲಿ ಶೇಕಡಾ 3ರ ಇಳಿಕೆಯನ್ನು ಗಣಿಸಿದರೋ 4ರದ್ದನ್ನೋ ಎಂಬುದನ್ನೂ ತಿಳಿಸಬೇಕು. ಮಾನದಂಡ ಬೇರೆಯಾದರೆ ಹೋಲಿಕೆಯೇ ಸಡಿಲವಾಗುತ್ತದೆ. ಈ ನಡುವೆ ರೋಗಿಯ ತೂಕ ಇಳಿದಿದ್ದರೆ ಅದನ್ನು ಮುಚ್ಚಿಡಬಾರದು, ಸುಧಾರಣೆಗೆ ಅದೂ ಕಾರಣವಿರಬಹುದು. ರೋಗನಿರ್ಣಯ ನಿದ್ರಾತಜ್ಞ ವೈದ್ಯರದು, ಹಾಗೆಂದೇ ಬರೆಯಿರಿ.

ದವಡೆಯನ್ನು ಎಷ್ಟು ಮಿಲಿಮೀಟರ್, ಯಾವ ಹಂತಗಳಲ್ಲಿ ಮುಂದಕ್ಕೆ ತಂದಿರಿ, ಹಲ್ಲುಗಳ ಕಚ್ಚುವಿಕೆ ಬದಲಾಯಿತೇ, ದವಡೆಯ ಕೀಲು ನೋಯಿತೇ ಎಂಬ ಭಾಗವೇ ಇತರ ದಂತವೈದ್ಯರಿಗೆ ಹೆಚ್ಚು ಉಪಯುಕ್ತ. ವಿಚಿತ್ರವೆಂದರೆ ಅದನ್ನೇ ಅನೇಕರು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಚೌಕಟ್ಟಿಗೆ, ಪ್ರಕರಣ ವರದಿಗಳನ್ನು ಬರೆಯುವ ಬಗೆಗಿನ 2013ರ ‘ಕೇರ್’ (CARE) ಮಾರ್ಗಸೂಚಿಯನ್ನು ಅನುಸರಿಸಿ. ಲಿಖಿತ ಸಮ್ಮತಿ ಅನಿವಾರ್ಯ. ಪತ್ರವು ಮರಾಠಿಯಲ್ಲೋ ಕನ್ನಡದಲ್ಲೋ, ರೋಗಿ ಸರಾಗವಾಗಿ ಓದಬಲ್ಲ ಭಾಷೆಯಲ್ಲಿರಲಿ.