ಸುಮಾರು ಐದೂವರೆ ನಿಮಿಷಕ್ಕೊಂದು ಸುತ್ತು

ಪ್ರಶ್ನೆ: ಶ್ವೇತಕುಬ್ಜಗಳು (ಉರಿದು ಮುಗಿದು ಕುಗ್ಗಿದ ನಕ್ಷತ್ರಗಳು) ಒಂದಾಗುವುದನ್ನು ಎಕ್ಸ್-ರೇ ದೂರದರ್ಶಕ ಹೇಗೆ ಹಿಡಿಯುತ್ತದೆ? ಅದನ್ನು ನೆಲದ ಮೇಲೇ ಇಟ್ಟರಾಗದೆ?
– ಓದುಗರು, ಬದಿಯಡ್ಕ

ಉತ್ತರ: ಆಗದು. ಎಕ್ಸ್-ರೇಯನ್ನು ನಮ್ಮ ವಾತಾವರಣ ಹೀರಿಬಿಡುತ್ತದೆ. ಕನ್ನಡಿಗೆ ನೇರವಾಗಿ ಬಿದ್ದರೆ ಅದು ಒಳಹೊಕ್ಕುಬಿಡುತ್ತದೆ. ಚಂದ್ರಗಿರಿ ಹೊಳೆಗೆ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದರೆ ನೀರ ಮೇಲೆ ಜಿಗಿಯುತ್ತ ಹೋಗುತ್ತದಲ್ಲ, ಹಾಗೆ ತೀರಾ ಓರೆಯಾಗಿ ತಾಗಿದರೆ ಮಾತ್ರ ಪ್ರತಿಫಲಿಸುತ್ತದೆ. ಅದಕ್ಕೇ 1999ರಲ್ಲಿ ಹಾರಿದ ಯುರೋಪಿನ ಎಕ್ಸ್-ರೇ ಉಪಗ್ರಹ ಎಕ್ಸ್‌ಎಂಎಂ-ನ್ಯೂಟನ್‌ನ ಮೂರು ದೂರದರ್ಶಕಗಳಲ್ಲೂ ಚಿನ್ನ ಲೇಪಿಸಿದ 58 ಕೊಳವೆಯಾಕಾರದ ಕನ್ನಡಿಗಳು ಒಂದರೊಳಗೊಂದು ಕೂತಿವೆ.

ಕೂಡುವ ಕ್ಷಣಕ್ಕೆ ಕಾಯುತ್ತ ಕೂರುವುದಿಲ್ಲ. ಹತ್ತಿರವಾಗುತ್ತಿರುವ ಜೋಡಿಯನ್ನು ಗಮನಿಸುತ್ತಾರೆ. ಕಟಕ ರಾಶಿಯ ಎಚ್‌ಎಂ ಕ್ಯಾಂಕ್ರಿ ಎಂಬ ಜೋಡಿಯಲ್ಲಿ ಎರಡು ಶ್ವೇತಕುಬ್ಜಗಳು ಸುಮಾರು 321.5 ಸೆಕೆಂಡಿಗೊಂದು ಸುತ್ತು ಹಾಕುತ್ತವೆ. ಒಂದರ ಅನಿಲ ಇನ್ನೊಂದರ ಮೇಲೆ ಸುರಿದು, ಕಾದ ಜಾಗ ಎಕ್ಸ್-ರೇ ಸೂಸುತ್ತದೆ. ಸುತ್ತಿನ ಹೆಚ್ಚುಕಡಿಮೆ ಅರ್ಧಭಾಗ ಆ ಜಾಗ ನಮಗೆ ಮರೆಯಾಗುತ್ತದೆ. ಗುರುತ್ವದ ಅಲೆಗಳು ಶಕ್ತಿ ಒಯ್ಯುವುದರಿಂದ ಸುತ್ತಿನ ಅವಧಿ ವರ್ಷಕ್ಕೆ ಸುಮಾರು 1 ಮಿಲಿಸೆಕೆಂಡು ಇಳಿಯುತ್ತಿದೆ.

ಇಷ್ಟು ಸಣ್ಣ ಇಳಿಕೆ ಅಳೆಯುವಾಗ ಎಡವುವುದು ಗಡಿಯಾರದಲ್ಲಿ. ಭೂಮಿ ಸೂರ್ಯನನ್ನು ಸುತ್ತುವುದರಿಂದ ಫೋಟಾನ್ (ಎಕ್ಸ್-ರೇಯ ಒಂದೊಂದು ಕಣ) ತಲುಪುವ ಹೊತ್ತು 8 ನಿಮಿಷದಷ್ಟು ಹಿಂದುಮುಂದಾಗುತ್ತದೆ. ಜೋಡಿಯ ಒಂದು ಸುತ್ತಿಗಿಂತಲೂ ಹೆಚ್ಚು! ಹಾಗಾಗಿ ಮೊದಲು ಪ್ರತಿ ಫೋಟಾನ್‌ನ ಸಮಯವನ್ನು ಸೌರವ್ಯೂಹದ ದ್ರವ್ಯಕೇಂದ್ರಕ್ಕೆ ಹೊಂದಿಸಿ ತಿದ್ದಬೇಕು. ಬಾಹ್ಯಾಕಾಶದ ಪ್ರೋಟಾನ್‌ಗಳು ಸುರಿದ ಹೊತ್ತಿನ ದತ್ತಾಂಶವನ್ನು ಕತ್ತರಿಸಿ ತೆಗೆಯಬೇಕು. ನಮ್ಮ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ 650 ಕಿ.ಮೀ. ಎತ್ತರದಲ್ಲಷ್ಟೇ ಸುತ್ತುವುದರಿಂದ ಭೂಮಿಯೇ ಅಡ್ಡ ಬಂದು ದತ್ತಾಂಶದಲ್ಲಿ ಖಾಲಿ ಜಾಗ ಉಳಿಯುತ್ತದೆ. ಆ ಖಾಲಿ ಜಾಗಗಳು ಸುಳ್ಳು ಅವಧಿ ತೋರಿಸಬಲ್ಲವು.

ಕೂಡಿ ಮುಗಿದದ್ದರ ಕುರುಹೂ ಇದೆ ಎನ್ನಬಹುದು. ಕ್ಯಾಸಿಯೋಪಿಯಾ ನಕ್ಷತ್ರಪುಂಜದ ಪಿಎ 30 ನೀಹಾರಿಕೆಯಲ್ಲಿ ಎಕ್ಸ್‌ಎಂಎಂ-ನ್ಯೂಟನ್ ನಿಯಾನ್, ಮೆಗ್ನೀಸಿಯಂ, ಸಿಲಿಕಾನ್, ಗಂಧಕವನ್ನು ಗುರುತಿಸಿದೆ. 1181ರಲ್ಲಿ ಚೀನಾ, ಜಪಾನಿನವರು ಕಂಡು ಬರೆದಿಟ್ಟ ಹೊಸ ನಕ್ಷತ್ರದ ಉಳಿಕೆ ಇದೇ ಎಂಬುದಕ್ಕೆ ಬಲವಾದ ಆಧಾರಗಳಿವೆ.